ಎಲ್ಡನ್ ಪ್ರೂಯಿಟ್ ಜಾಗ ಹುಡುಕಿದ್ದು

ಗಂಡ ಹೆಂಡತಿ ಎಷ್ಟು ಹೊಂದಿಕೊಂಡಿದ್ದಾರೆ ಎಂದು ತಿಳಿಯಬೇಕಾದರೆ ಅವರ ಮದುವೆಯ ಫೋಟೋ ನೋಡಿ ಪ್ರಯೋಜನವಿಲ್ಲ. ಅವರು ಟ್ರಕ್ಕಿನ ಹಿಂದೆ ಕಟ್ಟಿದ ಗಾಡಿಮನೆಯನ್ನು, ಅಂದರೆ ಟ್ರೇಲರನ್ನು, ರಿವರ್ಸ್ ತೆಗೆಯುವಾಗ ನೋಡಬೇಕು. ಗಂಡ ಟ್ರಕ್ಕಿನಲ್ಲಿ ಕೂತು ಸ್ಟೇರಿಂಗ್ ತಿರುಗಿಸುತ್ತಾನೆ, ಹೆಂಡತಿ ಹಿಂದೆ ನಿಂತು ಕೈ ಬೀಸುತ್ತಾಳೆ. ಅವಳು ಎಡಕ್ಕೆ ಎಂದರೆ ಅವನು ಬಲಕ್ಕೆ. ಟ್ರೇಲರು ಮರಕ್ಕೆ ಒರಗುತ್ತದೆ, ಅವನು ಇಳಿದು ಬಂದು ಕೂಗಾಡುತ್ತಾನೆ, ಅವಳು ಕೈಲಿದ್ದ ಟಾರ್ಚನ್ನು ನೆಲಕ್ಕೆ ಕುಕ್ಕಿ ಸ್ನಾನದ ಮನೆಯ ಕಡೆ ಹೊರಟುಬಿಡುತ್ತಾಳೆ. ಇಂಥ ಸಂಸಾರಗಳನ್ನು ನಾನು ದಿನಾ ಸಂಜೆ ಬಿಟ್ಟಿಯಾಗಿ ನೋಡುತ್ತೇನೆ. ಅದಕ್ಕೇ ಟಿ.ವಿ. ಇಟ್ಟುಕೊಂಡಿಲ್ಲ.

ನನ್ನ ಹೆಸರು ಗ್ವೆನ್ ಸ್ಟೌಟ್. ಓಹಾಯೋದ ದಕ್ಷಿಣದ ಗುಡ್ಡಗಳ ನಡುವೆ ಟಿಲ್ಡನ್ ಎಂಬ ಸಣ್ಣ ಕಾಲೇಜು ಊರಿದೆ. ಊರಾಚೆಯ ಕೌಂಟಿ ಪಾರ್ಕಿನಲ್ಲಿ ಗಾಡಿಮನೆಗಳು ಬಂದು ತಂಗುವ ಕ್ಯಾಂಪ್ ಇದೆ, ಅದರ ಮೇಲ್ವಿಚಾರಣೆ ನನ್ನದು. ಸಂಬಳ ಇಲ್ಲ. ನನ್ನ ಗಾಡಿಮನೆ ನಿಲ್ಲಿಸಲು ಜಾಗ, ಕರೆಂಟು, ನೀರು ಬಿಟ್ಟಿ. ಅದಕ್ಕೆ ಬದಲಾಗಿ ಬಂದವರಿಗೆ ಜಾಗ ತೋರಿಸಬೇಕು, ಸ್ನಾನದ ಮನೆ ತೊಳೆಯಬೇಕು, ಫುಟ್‌ಬಾಲ್ ಪಂದ್ಯದ ಶನಿವಾರಗಳಲ್ಲಿ ಕುಡಿದು ಕುಣಿಯುವವರನ್ನು ಗದರಿಸಬೇಕು. ಈ ಮೂರನೆಯ ಕೆಲಸಕ್ಕೆ ನನಗಿಂತ ಯೋಗ್ಯರು ಇಡೀ ಕೌಂಟಿಯಲ್ಲಿ ಸಿಗಲಿಲ್ಲ ಎಂದು ಪಾರ್ಕಿನ ಮ್ಯಾನೇಜರ್ ಡೇರಿಲ್ ಎಲ್ಲರ ಮುಂದೆ ಹೇಳುತ್ತಾನೆ. ಹೇಳಲಿ ಬಿಡಿ.

ಎಲ್ಡನ್ ಪ್ರೂಯಿಟ್ ಬಂದದ್ದು ಸೆಪ್ಟೆಂಬರಿನ ಒಂದು ಮಧ್ಯಾಹ್ನ. ಹಳೆಯ ಟ್ರಕ್ಕು, ಅದರ ಹಿಂದೆ ಹಳೆಯದಾದರೂ ಒರೆಸಿ ಒರೆಸಿ ಹೊಳೆಯುತ್ತಿದ್ದ ಟ್ರೇಲರು. ಟ್ರಕ್ಕಿನೊಳಗೆ ಅವನೊಬ್ಬನೇ. ಎಪ್ಪತ್ತು ದಾಟಿದ, ಉದ್ದಕ್ಕೆ ಬೆಳೆದು ಕುತ್ತಿಗೆಯ ಹತ್ತಿರ ಬಾಗಿದ ಆಳು. ಬಂದವನೇ ಟ್ರಕ್ಕು ನಿಲ್ಲಿಸಿ ಕ್ಯಾಂಪನ್ನೆಲ್ಲ ನಡೆದು ನೋಡಿದ. ಜನ ಸಾಮಾನ್ಯವಾಗಿ ನನ್ನನ್ನು ಕೇಳುವುದು ನೆರಳಿದೆಯಾ, ಇಂಟರ್‌ನೆಟ್ ಬರುತ್ತದಾ, ಚರಂಡಿ ಪೈಪು ಹತ್ತಿರವಿದೆಯಾ ಎಂದು. ಇವನು ಒಂದೊಂದು ಜಾಗದಲ್ಲೂ ನಿಂತು ಊರಿನ ಕಡೆ ಮುಖ ಮಾಡಿ ಕಣ್ಣು ಕಿರಿದು ಮಾಡುತ್ತಿದ್ದ. ಕಡೆಗೆ ಗುಡ್ಡದ ತುದಿಯ ಜಾಗ ಬೇಕೆಂದ. ಅದನ್ನು ಯಾರೂ ಕೇಳುವುದಿಲ್ಲ. ಗಾಳಿ ಹೊಡೆತ, ನೆಲ ಓರೆ, ಸ್ನಾನದ ಮನೆ ದೂರ.

"ಅಲ್ಲಿಗೆ ರಿವರ್ಸ್ ತಗೊಳ್ಳೋದು ಕಷ್ಟ," ಎಂದೆ. "ಒಬ್ರೇ ಬೇರೆ ಇದೀರ. ನಾನು ಹಿಂದೆ ನಿಂತ್ಕೋತೀನಿ."

ಅವನು ಟ್ರಕ್ಕು ಹತ್ತಿದ. ನಾನು ಜಾಗದ ಹಿಂದಿನ ಮೂಲೆಗೆ ಹೋಗಿ ಕೈ ಎತ್ತಿ ನಿಂತೆ. ಟ್ರಕ್ಕು ಅಲುಗಲಿಲ್ಲ. ಆಮೇಲೆ ಅವನ ತಲೆ ಕಿಟಕಿಯಿಂದ ಹೊರಗೆ ಬಂತು.

"ಮೇಡಂ, ಬೇಜಾರ್ ಮಾಡ್ಕೋಬೇಡಿ. ಸ್ವಲ್ಪ ಪಕ್ಕಕ್ಕೆ ಬರ್ತೀರಾ? ಅಡ್ಡ ನಿಂತಿದೀರ."

"ಯಾರಿಗೆ ಅಡ್ಡ?"

"ನಡೀನ್‌ಗೆ. ಕನ್ನಡೀಲಿ ಅವಳು ಕಾಣ್ತಿಲ್ಲ."

ನಾನು ಹಿಂದೆ ತಿರುಗಿ ನೋಡಿದೆ. ಒಣಗಿದ ಹುಲ್ಲು, ಕರೆಂಟಿನ ಕಂಬ, ಅಷ್ಟೇ. ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿದೆ. ಟ್ರಕ್ಕು ಹಿಂದಕ್ಕೆ ಬಂತು. ಎಲ್ಡನ್ ಕಣ್ಣು ಕನ್ನಡಿಯಲ್ಲೇ ನೆಟ್ಟಿತ್ತು. ಅಲ್ಲಿ ಯಾರೋ ಹೇಳಿದಂತೆ ಸ್ವಲ್ಪ ಎಡಕ್ಕೆ ತಿರುಗಿಸಿದ, ನೆಟ್ಟಗೆ ಮಾಡಿದ, ಮತ್ತೆ ಸ್ವಲ್ಪ ತಿರುಗಿಸಿ ನಿಲ್ಲಿಸಿದ. ಒಂದೇ ಸಲಕ್ಕೆ, ಗೆರೆ ಎಳೆದ ಹಾಗೆ ಟ್ರೇಲರು ಜಾಗದಲ್ಲಿ ಕೂತಿತು. ಮದುವೆಯಾಗಿ ಐವತ್ತು ವರ್ಷವಾದ ಜೋಡಿಗಳೂ ಅಷ್ಟು ಚೆನ್ನಾಗಿ ತೆಗೆದದ್ದನ್ನು ನಾನು ಕಂಡಿಲ್ಲ. ಇಳಿದು ಬಂದು ಅವನು ಮೂಲೆಯ ಕಡೆ ತಲೆಬಾಗಿಸಿ "ಥ್ಯಾಂಕ್ಸ್ ಕಣೆ," ಎಂದ. ನನಗಲ್ಲ.

ನಾನು ದೆವ್ವ ನಂಬುವವಳಲ್ಲ. ಶಾಲೆಯ ಊಟದ ಮನೆಯಲ್ಲಿ ಮಕ್ಕಳಿಗೆ ಬಡಿಸುತ್ತಾ ಆಯುಷ್ಯ ಕಳೆದವಳು, ದೆವ್ವಗಳನ್ನೆಲ್ಲ ಅಲ್ಲೇ ನೋಡಿ ಮುಗಿಸಿದ್ದೇನೆ. ಮುದುಕನಿಗೆ ತಲೆ ಸ್ವಲ್ಪ ಸಡಿಲ ಎಂದುಕೊಂಡೆ. ಆದರೆ ಅವತ್ತು ಸಂಜೆ ಕಸದ ಡಬ್ಬಿ ನೋಡಲು ಗುಡ್ಡಕ್ಕೆ ಹೋದಾಗ ಆ ಮೂಲೆಯನ್ನು ಬಳಸಿಕೊಂಡು ನಡೆದೆ.

ಎಲ್ಡನ್ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ. ಕಣಿವೆಯಾಚೆ ಟಿಲ್ಡನ್ ಕಾಣುತ್ತಿತ್ತು. ಚರ್ಚಿನ ಗೋಪುರ, ನೀರಿನ ಟ್ಯಾಂಕು, ಅದರ ಪಕ್ಕದಲ್ಲಿ ಇಟ್ಟಿಗೆಯ ವೈದ್ಯ ಕಾಲೇಜು. ಅದರ ಮೂರನೆಯ ಮಹಡಿಯ ಕಿಟಕಿಗಳಲ್ಲಿ ಬೆಳಕಿತ್ತು.

"ಕಾಲೇಜಲ್ಲಿ ಮೊಮ್ಮಕ್ಕಳು ಓದ್ತಿದಾರಾ?" ಎಂದು ಕೇಳಿದೆ. ಬೇರೆಯವರ ವಿಷಯದಲ್ಲಿ ಮೂಗು ತೂರಿಸುವುದು ನನ್ನ ಕೆಲಸದ ಭಾಗವೇ ಎಂದು ನಾನು ತಿಳಿದಿದ್ದೇನೆ.

"ಮಕ್ಕಳೇ ಇಲ್ಲ ನಮಗೆ. ನನ್ನ ಹೆಂಡ್ತಿ ಇದಾಳೆ ಅಲ್ಲಿ."

"ಅಲ್ಲಿ ಕೆಲಸಾನಾ?"

"ಇಲ್ಲ ಮೇಡಂ. ತೀರ್ಕೊಂಡ್ಲು, ಏಪ್ರಿಲಲ್ಲಿ. ದೇಹ ಕಾಲೇಜಿಗೆ ಕೊಟ್ಟಿದಾಳೆ. ಹುಡುಗ್ರು ಕಲಿಯೋದಕ್ಕೆ." ಅವನು ಕಿಟಕಿಗಳ ಕಡೆ ತೋರಿಸಿದ. "ಆ ಮೂರನೇ ಮಹಡೀಲಿ. ಮುಗಿದ ಮೇಲೆ ಸುಟ್ಟು ಬೂದಿ ಕೊಡ್ತಾರಂತೆ. ವರ್ಷ ಆಗ್ಬೋದು, ಎರಡೂ ಆಗ್ಬೋದು. ಅಲ್ಲೀತನಕ ಹತ್ರದಲ್ಲಿ ಎಲ್ಲಾದ್ರೂ ಇರೋಣ ಅಂತ ಬಂದೆ."

ಹೋಗುತ್ತೇನೆ ಎಂದು ಹೇಳಬೇಕಿತ್ತು. ಅದರ ಬದಲು ಪಕ್ಕದಲ್ಲಿದ್ದ ಬಕೆಟ್ಟನ್ನು ಬೋರಲು ಹಾಕಿ ಕೂತೆ. ಅವನ ಕಥೆ ಶುರುವಾದದ್ದು ಹಾಗೆ; ಮುಗಿಯಲು ಎಷ್ಟೋ ಸಂಜೆ ಹಿಡಿಯಿತು.

ಅವನು ಇಂಡಿಯಾನಾದವನು. ರಸ್ತೆ ಇಲಾಖೆಯ ಗ್ಯಾರೇಜಿನಲ್ಲಿ ಹಿಮ ಗೋರುವ ಲಾರಿಗಳ ರಿಪೇರಿ ಮಾಡುತ್ತಿದ್ದ. ನಡೀನ್ ಊರಿನ ಬಟ್ಟೆ ಅಂಗಡಿಯಲ್ಲಿದ್ದಳು. ಅವನು ಅಂಗಿ ಕೊಳ್ಳಲು ಹೋದಾಗ ಅವನು ಆರಿಸಿದ್ದನ್ನು ಕೈಯಿಂದ ಕಿತ್ತುಕೊಂಡು "ಇದು ಬೇಡ, ಇದನ್ನ ಹಾಕ್ಕೋ," ಎಂದು ಬೇರೊಂದು ಕೊಟ್ಟಳಂತೆ. ಅವತ್ತಿನಿಂದ ಎಲ್ಡನ್ ಏನನ್ನೂ ಆರಿಸಿದವನಲ್ಲ. ಮನೆ ಅವಳು ಆರಿಸಿದಳು, ನಾಯಿ ಅವಳು ಆರಿಸಿದಳು, ಇವನು ನಿವೃತ್ತನಾದಾಗ ಮನೆ ಮಾರಿ ಟ್ರೇಲರು ಕೊಂಡು ದೇಶ ಸುತ್ತೋಣ ಎಂದವಳೂ ಅವಳೇ. ಎಲ್ಲಿ ತಂಗಬೇಕು ಎನ್ನುವುದಂತೂ ಪೂರ್ತಿ ಅವಳ ಖಾತೆ. ತಳಪಾಯ ಹಾಕಿಸಲು ನಿಂತ ಮೇಸ್ತ್ರಿಯ ಹಾಗೆ ಅವಳು ಕ್ಯಾಂಪನ್ನು ಒಂದು ಸುತ್ತು ಹಾಕುವಳು. ವಾಲ್ನಟ್ ಮರದ ಕೆಳಗೆ ಬೇಡ, ರಾತ್ರಿಯಿಡೀ ಕಾಯಿ ಬಿದ್ದು ಛಾವಣಿ ತಮಟೆಯಾಗುತ್ತದೆ. ಸ್ನಾನದ ಮನೆಯ ಎದುರು ಬೇಡ, ಊರಿನವರ ಟವೆಲ್ಲೆಲ್ಲ ನೋಡಬೇಕು. ಮತ್ತೆ ಎಷ್ಟೇ ಚಂದವಿದ್ದರೂ ರಸ್ತೆಗಿಂತ ತಗ್ಗಿನಲ್ಲಿ ಮಾತ್ರ ಬೇಡವೇ ಬೇಡ. ಅವಳು ಚಿಕ್ಕವಳಿದ್ದಾಗ ನದಿ ಉಕ್ಕಿ ಅವರ ಮನೆಯೊಳಗೆ ಬಂದಿತ್ತಂತೆ. ಜಾಗ ಆರಿಸಿ ಅವಳು ಹಿಂದೆ ನಿಲ್ಲುವಳು, ಇವನು ಕನ್ನಡಿಯಲ್ಲಿ ಅವಳನ್ನು ನೋಡುತ್ತಾ ಹಿಂದಕ್ಕೆ ಬರುವನು. ಅವಳು ತೋಳುಗಳನ್ನು ಎದೆಯ ಮೇಲೆ ಅಡ್ಡ ಹಾಕಿದರೆ ನಿಲ್ಲಿಸಬೇಕು. ಅಷ್ಟೇ ಅವನ ಕೆಲಸ, ಆ ಕೆಲಸದಲ್ಲಿ ಅವನಿಗೆ ತುಂಬ ಸುಖವಿತ್ತು.

ಟಿಲ್ಡನ್‌ಗೆ ಅವರು ಬಂದದ್ದು ಯಾವುದೋ ಪ್ರಯಾಣದ ಮಧ್ಯೆ. ನಡೀನ್‌ಗೆ ಹೊಟ್ಟೆನೋವು. ಎರಡು ದೊಡ್ಡ ಊರಿನ ಡಾಕ್ಟರುಗಳು ಗ್ಯಾಸ್ ಎಂದು ಮಾತ್ರೆ ಕೊಟ್ಟು ಕಳಿಸಿದ್ದರು. ಇಲ್ಲಿನ ಕಾಲೇಜಿನ ಕ್ಲಿನಿಕ್ಕಿನಲ್ಲಿ ಇನ್ನೂ ಓದುತ್ತಿದ್ದ ಒಬ್ಬ ಹುಡುಗಿ ಅವಳ ಪಕ್ಕದಲ್ಲಿ ಕೂತು, ಕೈ ಬೆಚ್ಚಗೆ ಮಾಡಿಕೊಂಡು, ಹೊಟ್ಟೆ ಮುಟ್ಟಿ ಮುಟ್ಟಿ ನೋಡಿದಳಂತೆ. ಕಾಯಿಲೆ ಆಗಲೇ ಕೈಮೀರಿತ್ತು. ಆದರೂ ನಡೀನ್ ಟ್ರಕ್ಕಿಗೆ ವಾಪಸ್ಸು ಬಂದವಳೇ, "ಕೊನೆಗೂ ಒಬ್ರು ಮುಟ್ಟಿ ನೋಡಿದ್ರು ಕಣೋ. ಇವರಿಗೇ ಕೊಡ್ತೀನಿ ನನ್ನ," ಎಂದಳು.

"ನಿಮಗೆ ಒಪ್ಪಿಗೆ ಇತ್ತಾ?" ಎಂದು ಕೇಳಿದೆ.

"ಇಲ್ಲ. ಯಾವ ಗಂಡನಿಗೆ ಇರುತ್ತೆ?" ಎಂದ. "ಬೇಡ ಅನ್ನೋದು ನನಗೆ ಅಭ್ಯಾಸ ಇರ್ಲಿಲ್ಲ. ಸಮಾಧಿ ಇದ್ದಿದ್ರೆ ಹೂವಾದ್ರೂ ಇಡ್ತಿದ್ದೆ. ಈಗ ಎಲ್ಲಿ ಇಡ್ಲಿ? ಕಾಲೇಜಿನ ಗೇಟಲ್ಲಾ?"

ನಮ್ಮಲ್ಲಿ ಎರಡು ವಾರಕ್ಕಿಂತ ಹೆಚ್ಚು ಯಾರೂ ಒಂದೇ ಕ್ಯಾಂಪಿನಲ್ಲಿ ಇರುವ ಹಾಗಿಲ್ಲ. ಇಲ್ಲದಿದ್ದರೆ ಬಂದವರೆಲ್ಲ ಬೇರು ಬಿಡುತ್ತಾರೆ. ಎಲ್ಡನ್ ಅವಧಿ ಮುಗಿದಾಗ ಡೇರಿಲ್ ಹತ್ತಿರ ಮಾತಾಡಿದೆ. "ರೂಲ್ಸು ಅಂದ್ರೆ ರೂಲ್ಸು ಗ್ವೆನ್," ಎಂದ. ಇಡೀ ಬೇಸಿಗೆ ಅವನ ಭಾವಮೈದುನನ ಗಾಡಿ ಇಲ್ಲೇ ಬಿದ್ದಿತ್ತು, ಆಗ ರೂಲ್ಸು ಎಲ್ಲಿ ರಜೆಗೆ ಹೋಗಿತ್ತೋ. ಅದನ್ನೂ ಹೇಳಿದೆ. ಕೆಲಸವಾಗಲಿಲ್ಲ.

ಎಲ್ಡನ್ ಮೊದಲು ಊರಾಚೆಯ ದನದ ಮೇಳದ ಮೈದಾನಕ್ಕೆ ಹೋದ. ಮೇಳ ಇಲ್ಲದಾಗ ಅಲ್ಲಿ ಗಾಡಿಮನೆಗಳಿಗೆ ಜಾಗ ಕೊಡುತ್ತಾರೆ. ಸಪಾಟು ನೆಲ, ಒಂದು ಕಡೆಯಿಂದ ಒಳಗೆ ಹೋಗಿ ನಿಲ್ಲಿಸಿ, ಹೊರಡುವಾಗ ಇನ್ನೊಂದು ಕಡೆಯಿಂದ ನೇರ ಹೊರಗೆ ಬರಬಹುದು. ರಿವರ್ಸಿನ ಗೋಜೇ ಇಲ್ಲ. ಒಂಟಿ ಮುದುಕನಿಗೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ ಎಂದು ನಾನೇ ಕಳಿಸಿದ್ದೆ. ಮಧ್ಯಾಹ್ನ ಹೋದವನು ಸಂಜೆಯೊಳಗೆ ನನಗೆ ಫೋನ್ ಮಾಡಿದ.

"ಇಲ್ಲಿ ಆಗಲ್ಲ ಗ್ವೆನ್."

"ಯಾಕೆ? ಏನಾಗಿದೆ ಅದಕ್ಕೆ?"

"ಮುಂದಕ್ಕೆ ಹೋಗಿ ಮುಂದಕ್ಕೇ ಬರೋ ಜಾಗ ಇದು. ಅವಳಿಗೆ ಇಲ್ಲಿ ಕೆಲಸವೇ ಇಲ್ಲ. ಯಾಕ್ ಬರ್ತಾಳೆ?"

ಅವನ ಧ್ವನಿಯಲ್ಲಿ ಹುಚ್ಚಿರಲಿಲ್ಲ. ನಲ್ಲಿಯಲ್ಲಿ ನೀರು ಬರುತ್ತಿಲ್ಲ ಎಂದು ದೂರು ಕೊಡುವವರ ಧ್ವನಿ ಅದು. ಅದಕ್ಕೇ ನನಗೆ ಹೆಚ್ಚು ಹೆದರಿಕೆಯಾಯಿತು.

ಮಾರನೆಯ ದಿನ ಅವನು ನದಿ ದಂಡೆಯ ಕ್ಯಾಂಪಿಗೆ ಹೋದ. ಅದು ಹಾಬರ್ಟ್ ಎಂಬುವವನದು. ವಿಲೋ ಮರಗಳು, ಮೀನು ಹಿಡಿಯುವವರು, ರಸ್ತೆಯಿಂದ ಇಳಿಜಾರು ಇಳಿದು ಹೋದರೆ ನೀರಿನ ಅಂಚಿನವರೆಗೂ ಜಾಗಗಳು. ಊಟ ಮುಗಿಸಿ ತಟ್ಟೆ ತೊಳೆಯುತ್ತಿದ್ದೆ, ಹಾಬರ್ಟನ ಫೋನು ಬಂತು.

"ಗ್ವೆನ್, ನಿನ್ನ ಕಡೆಯ ಮುದುಕ ಒಬ್ಬ ಇಲ್ಲಿದಾನೆ. ಟ್ರೇಲರ್ ಹಿಂದಿನ ಚಕ್ರ ದಂಡೆಯಾಚೆ ನೇತಾಡ್ತಿದೆ. ನಾನು ಕಿರುಚ್ಕೊಂಡು ಓಡಿ ಹೋಗಿ ಬಾಗಿಲು ಬಡಿದೆ, ಆಗ ನಿಲ್ಸಿದ. ಇಳೀ ಅಂದ್ರೆ ಇಳೀತಿಲ್ಲ. ಬೇಗ ಬಾ ಮಾರಾಯ್ತಿ."

ಹೇಗೆ ಗಾಡಿ ಓಡಿಸಿದೆನೋ ಗೊತ್ತಿಲ್ಲ. ಅಲ್ಲಿ ಹಾಬರ್ಟ್ ಟ್ರಾಕ್ಟರು ತಂದು ಟ್ರಕ್ಕಿನ ಮುಂದಕ್ಕೆ ಸರಪಳಿ ಕಟ್ಟುತ್ತಿದ್ದ. ಟ್ರೇಲರಿನ ಹಿಂಭಾಗ ದಂಡೆಯಾಚೆ ಗಾಳಿಯಲ್ಲಿತ್ತು. ಕೆಳಗೆ ಮಳೆಗೆ ಕೆಂಪಾದ ನೀರು ಸದ್ದಿಲ್ಲದೆ ಹರಿಯುತ್ತಿತ್ತು. ಎಲ್ಡನ್ ಸ್ಟೇರಿಂಗ್ ಹಿಡಿದು ಕೂತಿದ್ದ, ಕಣ್ಣು ಕನ್ನಡಿಯಲ್ಲಿ.

"ಎಲ್ಡನ್, ಇಳಿ ಕೆಳಗೆ," ಎಂದೆ.

"ಅವಳು ಸಾಕು ಅನ್ಲಿಲ್ಲ ಗ್ವೆನ್." "ಬಾ ಬಾ ಅಂತಾನೇ ಇದ್ಲು. ಎರಡೂ ಕೈಯಲ್ಲಿ. ನಾನು ಬಂದೆ. ಇನ್ನೂ ಬಾ ಅಂದ್ಲು. ಇಷ್ಟು ವರ್ಷದಲ್ಲಿ ಒಂದ್ ಸಲನೂ ಅವಳು ಅಡ್ಡ ಕೈ ಹಾಕೋದು ಮರೆತಿಲ್ಲ."

ನನಗೆ ಕೋಪ ಬಂದರೆ ಭಯ ಹೋಗುತ್ತದೆ. ಆವತ್ತು ಬೇಕೆಂದೇ ಕೋಪ ತರಿಸಿಕೊಂಡೆ. ಬಾಗಿಲು ತೆಗೆದು ಅವನ ತೋಳು ಹಿಡಿದು ಎಳೆದು ಇಳಿಸಿ, ಹಾಬರ್ಟನ ಮುಂದೆಯೇ ಉಗಿದು ಹಾಕಿದೆ.

"ರಸ್ತೆ ಎಲ್ಲಿದೆ ನೋಡು! ಅಷ್ಟೆತ್ತರದಲ್ಲಿ! ನೀನು ಎಲ್ಲಿದೀಯ? ತಗ್ಗಲ್ಲಿ! ನಡೀನ್ ತಗ್ಗಲ್ಲಿ ಇಳಿಯೋಳಾ? ನೀನೇ ಹೇಳಿದ್ದು ತಾನೆ? ಇಂಥ ಜಾಗಕ್ಕೆ ಅವಳು ನಿನ್ನನ್ನ ಕರೀತಾಳಾ?"

ಅವನು ರಸ್ತೆಯನ್ನು ನೋಡಿದ, ನೀರನ್ನು ನೋಡಿದ.

"ಹಾಗಾದ್ರೆ ಅದು ಯಾರು ಗ್ವೆನ್?" ಎಂದ.

ಟ್ರಾಕ್ಟರು ಎಳೆಯುವಾಗ ಟ್ರಕ್ಕಿನ ಸ್ಟೇರಿಂಗ್ ಹಿಡಿಯಲು ಯಾರಾದರೂ ಬೇಕಿತ್ತು, ಎಲ್ಡನ್‌ನನ್ನು ಮತ್ತೆ ಆ ಕನ್ನಡಿಯ ಮುಂದೆ ಕೂರಿಸಲು ಮನಸ್ಸಾಗದೆ ನಾನೇ ಕೂತೆ. ಕನ್ನಡಿಯನ್ನು ನೋಡಬಾರದು ಎಂದುಕೊಂಡೆ, ನೋಡಿದೆ. ವಿಲೋ ಮರ ಇತ್ತು, ನೀರಿತ್ತು. ಬೇರೇನೂ ಇರಲಿಲ್ಲ ಎಂದು ಈಗಲೂ ಹೇಳುತ್ತೇನೆ. ಆದರೂ ಟ್ರೇಲರಿನ ಚಕ್ರಗಳು ಗಟ್ಟಿ ನೆಲಕ್ಕೆ ಬರುವ ತನಕ ಮತ್ತೆ ಆ ಕಡೆ ಕಣ್ಣು ಹಾಯಿಸಲಿಲ್ಲ.

ಅಲ್ಲಿಂದ ನೇರ ಡೇರಿಲ್ ಮನೆಗೆ ಹೋದೆ. ಮೇಲ್ವಿಚಾರಕರಿಗೆ ಎರಡು ವಾರದ ಕಟ್ಟಳೆ ಇಲ್ಲ. ಚಳಿಗಾಲಕ್ಕೆ ನನಗೊಬ್ಬ ಸಹಾಯಕ ಬೇಕು, ನನ್ನ ಮಂಡಿ ಹೋಗಿದೆ, ಎಲ್ಡನ್ ಪ್ರೂಯಿಟ್ ರಿಪೇರಿ ಬಲ್ಲವನು, ಅವನನ್ನು ಕೊಡದಿದ್ದರೆ ನಾಳೆಯಿಂದ ಸ್ನಾನದ ಮನೆ ನೀನೇ ತೊಳೆ ಎಂದೆ. ಡೇರಿಲ್ ಸ್ನಾನದ ಮನೆಯನ್ನು ನೆನೆಸಿಕೊಂಡು ಒಪ್ಪಿದ.

ಗುಡ್ಡದ ತುದಿಗೆ ಟ್ರೇಲರನ್ನು ಈ ಸಲ ಹಿಂದಕ್ಕೆ ತೆಗೆದವನು ಹಾಬರ್ಟ್. ಎಲ್ಡನ್ ಪಕ್ಕದಲ್ಲಿ ನಿಂತಿದ್ದ. ಆ ಮೇಲೆ ಚಳಿಗಾಲವೆಲ್ಲ ಅವನು ಟ್ರಕ್ಕಿನ ಕನ್ನಡಿಗಳಿಗೆ ಗೋಣಿಚೀಲ ಕಟ್ಟಿ ಇಟ್ಟ. ಹಿಮ ಕೂರಬಾರದು ಎಂದು ಕಾರಣ ಹೇಳಿದ. ನಾನೂ ನಂಬಿದ ಹಾಗೆ ಮಾಡಿದೆ.

ನವೆಂಬರಿನಲ್ಲಿ ಬಂದುಹೋಗುವವರು ನಿಂತರು. ನಲ್ಲಿಗಳನ್ನು ಮುಚ್ಚಿದೆವು. ಇಡೀ ಕ್ಯಾಂಪಿನಲ್ಲಿ ನಾವಿಬ್ಬರು. ಅವನು ಸ್ನಾನದ ಮನೆಯ ಮುರಿದ ಬಾಗಿಲು ಸರಿಮಾಡಿದ, ಬೇಲಿ ಕಟ್ಟಿದ, ನನ್ನ ಹೀಟರಿನ ಹೊಟ್ಟೆ ಬಿಚ್ಚಿ ಎಲ್ಲ ನೆಲದ ಮೇಲೆ ಹರಡಿ ಮತ್ತೆ ಜೋಡಿಸಿದ. ಭಾನುವಾರ ನಾನು ಹುರುಳಿಕಾಯಿ, ಹಂದಿಮಾಂಸ, ಜೋಳದ ಬ್ರೆಡ್ಡು ಮಾಡಿದರೆ ಬಂದು ಉಣ್ಣುತ್ತಿದ್ದ. ಉಪ್ಪು ಕಡಿಮೆ ಎಂದು ಹೇಳುತ್ತಲೂ ಇದ್ದ. ಒಳ್ಳೆಯ ಜೊತೆ. ಎಷ್ಟೋ ವರ್ಷಗಳ ಮೇಲೆ ನನಗೆ ಇನ್ನೊಬ್ಬರ ತಟ್ಟೆ ತೊಳೆಯುವುದು ಖುಷಿ ಕೊಟ್ಟಿತು. ಇದನ್ನು ಅವನಿಗೆ ಹೇಳಲಿಲ್ಲ, ನಿಮಗೆ ಹೇಳುತ್ತಿದ್ದೇನೆ.

ಆದರೆ ಕತ್ತಲಾದರೆ ಅವನು ಬಾಗಿಲಲ್ಲಿ ಕೂರುವುದು ತಪ್ಪಲಿಲ್ಲ, ಹಿಮ ಬೀಳುತ್ತಿದ್ದರೂ. ಮೂರನೆಯ ಮಹಡಿಯ ದೀಪ ಆರಿದ ಮೇಲೆಯೇ ಒಳಗೆ ಹೋಗುವನು. ಕ್ರಿಸ್‌ಮಸ್ ರಜೆಯಲ್ಲಿ ಹುಡುಗರೆಲ್ಲ ಊರಿಗೆ ಹೋಗಿ ಆ ಕಿಟಕಿಗಳು ಕಪ್ಪಾದವು. ಆ ದಿನಗಳಲ್ಲಿ ಅವನಿಗೆ ಊಟ ಸೇರಲಿಲ್ಲ.

"ಅಷ್ಟು ದೊಡ್ಡ ಕಟ್ಟಡದಲ್ಲಿ ಒಬ್ಬಳೇ ಗ್ವೆನ್," ಎಂದ. "ಅವಳಿಗೆ ಮೊದ್ಲೇ ಚಳಿ ತಡ್ಕೊಳ್ಳೋಕಾಗಲ್ಲ. ಜುಲೈನಲ್ಲೂ ಕಾಲುಚೀಲ ಹಾಕ್ಕೊಂಡು ಮಲಗೋಳು."

"ಸತ್ತೋರಿಗೆ ಚಳಿ ಇರಲ್ಲ ಎಲ್ಡನ್."

"ನಿನಗೆ ಹೇಗೆ ಗೊತ್ತು?" ಎಂದ. ಸಿಟ್ಟಿನಿಂದಲ್ಲ, ನಿಜವಾಗಿಯೂ ಕೇಳಿದ.

ಕಾಲೇಜಿನಿಂದ ಫೋನ್ ಬಂದದ್ದು ಮೇ ತಿಂಗಳಲ್ಲಿ. ಹುಡುಗರ ಪಾಠ ಮುಗಿದಿತ್ತು. ದೇಹ ಕೊಟ್ಟವರ ಮನೆಯವರನ್ನು ಕರೆದು ಪ್ರತಿ ವರ್ಷ ಒಂದು ನೆನಪಿನ ಸಭೆ ನಡೆಸುತ್ತಾರೆ, ಅವತ್ತೇ ಬೂದಿ ಕೊಡುತ್ತಾರೆ. ಎಲ್ಡನ್ ನಡೀನ್ ಆರಿಸಿ ಕೊಟ್ಟಿದ್ದ ನೀಲಿ ಅಂಗಿ ಇಸ್ತ್ರಿ ಮಾಡಿ ಹಾಕಿಕೊಂಡ. ಕನ್ನಡಿಗಳ ಗೋಣಿಚೀಲ ಬಿಚ್ಚದೆಯೇ ಟ್ರಕ್ಕನ್ನು ಅವನೇ ಓಡಿಸಿದ, ನಾನು ಪಕ್ಕದಲ್ಲಿ ಕೂತೆ.

ಸಭೆಯಲ್ಲಿ ನಾನು ಅಳಬಾರದು ಎಂದುಕೊಂಡು ಹೋಗಿದ್ದೆ. ದೇಹ ಕೊಟ್ಟವರ ಹೆಸರು ಓದುವುದು ಶುರುವಾಗುವ ಮೊದಲೇ ಕರವಸ್ತ್ರ ಒದ್ದೆಯಾಗಿತ್ತು. ವರ್ಷವೆಲ್ಲ ಹುಡುಗರಿಗೆ ಆ ಹೆಸರುಗಳು ಗೊತ್ತಿರುವುದಿಲ್ಲವಂತೆ. ಅವತ್ತೇ ಮೊದಲ ಸಲ ಕೇಳುವುದು. "ನಡೀನ್ ಪ್ರೂಯಿಟ್" ಎಂದಾಗ ಹಿಂದಿನ ಸಾಲಿನಲ್ಲಿ ಒಂದು ಗುಂಪು ಎದ್ದು ನಿಂತಿತು. ಆಮೇಲೆ ಅವರಲ್ಲಿ ಒಬ್ಬಳು, ಟೆಸ್ಸಾ ಎಂಬ ಗಿಡ್ಡ ಹುಡುಗಿ, ಎಲ್ಡನ್ ಹತ್ತಿರ ಬಂದು ಬಿಳಿ ಹೂವೊಂದನ್ನು ಕೊಟ್ಟು, ಹೇಳಬೇಕೆಂದು ಕಲಿತು ಬಂದದ್ದೆಲ್ಲ ಮರೆತುಬಿಟ್ಟಳು.

ಎಲ್ಡನ್ ಅವಳನ್ನು ಒಂದೇ ಮಾತು ಕೇಳಿದ. "ಅಲ್ಲಿ ತುಂಬಾ ಚಳಿ ಇರುತ್ತಾಮ್ಮ?"

ಹುಡುಗಿ ಜಾಣೆ. ಸುಳ್ಳು ಹೇಳಲಿಲ್ಲ. "ಇರುತ್ತೆ ಸರ್," ಎಂದಳು. "ಆದ್ರೆ ಎದ್ದು ಹೋಗೋಕ್ ಮುಂಚೆ ನಾನು ದಿನಾ ಅವರಿಗೆ ಪೂರ್ತಿ ಹೊದಿಸ್ತಿದ್ದೆ. ಪಾದದ ಹತ್ರ ಸಿಕ್ಕಿಸ್ತಿದ್ದೆ. ಉಳಿದವರೆಲ್ಲ ನಗ್ತಿದ್ರು."

ಎಲ್ಡನ್ ಅವಳ ಕೈ ಹಿಡಿದುಕೊಂಡ. ಬಿಡಲು ಮರೆತ. ಆ ಹುಡುಗಿಯೂ ಎಳೆದುಕೊಳ್ಳಲಿಲ್ಲ.

ಡಬ್ಬಿ ಸಣ್ಣದು. ಅವನು ಅದನ್ನು ನಮ್ಮಿಬ್ಬರ ನಡುವೆ ಸೀಟಿನ ಮೇಲೆ ಇಟ್ಟು ಬೆಲ್ಟು ಕಟ್ಟಿದ. ಒಳ್ಳೆಯದಾಯಿತು, ಕಾಯುವುದು ಮುಗಿಯಿತು, ಇನ್ನಾದರೂ ಈ ಮನುಷ್ಯನಿಗೆ ನೆಮ್ಮದಿ ಎಂದು ನನ್ನ ಮನಸ್ಸು ಹಗುರಾಗಿತ್ತು. ಕಾಲೇಜಿನ ಗೇಟು ದಾಟಿ ನಾಲ್ಕು ದಾರಿ ಕೂಡುವಲ್ಲಿ ಅವನು ಟ್ರಕ್ಕು ನಿಲ್ಲಿಸಿದ. ಪಾರ್ಕಿಗೆ ಬಲಕ್ಕೆ ಹೋಗಬೇಕು. ಅವನು ಯಾವ ಕಡೆಗೂ ತಿರುಗಿಸಲಿಲ್ಲ. ಹಿಂದಿನವರು ಹಾರ್ನ್ ಹೊಡೆದರು.

"ಎಲ್ಡನ್, ಬಲಕ್ಕೆ."

"ಯಾಕೆ ಬಲಕ್ಕೆ?" ಎಂದ.

ಅವನು ತಿರುಗಿ ಹಿಂದೆ ಆ ಇಟ್ಟಿಗೆಯ ಕಟ್ಟಡವನ್ನು ನೋಡಿದ. "ಇಷ್ಟು ದಿನ ಅವಳು ಒಂದು ಕಡೆ ಇದ್ಲು ಗ್ವೆನ್. ಅಲ್ಲಿದಾಳೆ, ನಾನು ಇಲ್ಲಿದೀನಿ ಅಂತ ಗೊತ್ತಿತ್ತು. ಯಾವುದು ಹತ್ರ, ಯಾವುದು ದೂರ ಅಂತ ಗೊತ್ತಿತ್ತು." ಅವನು ಡಬ್ಬಿಯ ಮೇಲೆ ಕೈ ಇಟ್ಟ. "ಈಗ ಎಲ್ಲಿ ನಿಲ್ಲಿಸಿದ್ರೂ ಒಂದೇ ಅಲ್ವಾ?"

ಹೆಂಡತಿ ತೀರಿಕೊಂಡು ವರ್ಷ ದಾಟಿದ ಮೇಲೆ, ಟಿಲ್ಡನ್‌ನ ನಡುರಸ್ತೆಯಲ್ಲಿ, ಎಲ್ಡನ್ ಪ್ರೂಯಿಟ್ ಮೊದಲ ಸಲ ಅತ್ತ. ಗಂಡಸರು ಹಾಗೆ ಅಳುವುದನ್ನು ನಾನು ಕೇಳಿರಲಿಲ್ಲ. ನಾನು ಇಳಿದು ಹಿಂದಿನ ಕಾರಿನವನಿಗೆ ಬಾಯಿಗೆ ಬಂದಂತೆ ಬೈದೆ. ಬೇರೆ ಏನು ಮಾಡಬೇಕೆಂದು ನನಗೆ ತೋಚಲಿಲ್ಲ.

ಇಲ್ಲೇ ಇರು ಎಂದು ಹೇಳಬೇಕೆಂದಿದ್ದೆ. ಗುಡ್ಡದ ಜಾಗ ನಿನ್ನದೇ, ಡೇರಿಲನನ್ನು ನಾನು ನೋಡಿಕೊಳ್ಳುತ್ತೇನೆ, ಭಾನುವಾರ ಇನ್ನು ಮೇಲೆ ಉಪ್ಪು ಸರಿಯಾಗಿ ಹಾಕುತ್ತೇನೆ ಎಂದೆಲ್ಲ. ಮಾರನೆಯ ದಿನ ಬೆಳಿಗ್ಗೆ ಹೋಗುವಷ್ಟರಲ್ಲಿ ಅವನು ಟ್ಯಾಂಕುಗಳನ್ನು ಖಾಲಿ ಮಾಡಿ, ಪೈಪು ಸುತ್ತಿ, ಮಿಕ್ಕ ಸೌದೆಯನ್ನು ಮುಂದೆ ಬರುವವರಿಗೆಂದು ಒಪ್ಪವಾಗಿ ಜೋಡಿಸಿ, ಕನ್ನಡಿಗಳಿಗೆ ಕಟ್ಟಿದ್ದ ಗೋಣಿಚೀಲ ಬಿಚ್ಚುತ್ತಿದ್ದ. ಅದನ್ನು ನೋಡಿ ನನಗೆ ಎಲ್ಲ ಅರ್ಥವಾಯಿತು.

"ಹುಡುಕೋಕೆ ಹೊರಟೆಯಾ?" ಎಂದೆ.

"ಹಿಂದಕ್ಕೆ ಹೋಗಬೇಕಾದ ಜಾಗಗಳು ಎಲ್ಲಾ ಕಡೆ ಇವೆ ಗ್ವೆನ್," ಎಂದ. "ಎಲ್ಲಾದ್ರೂ ನಿಂತಿರ್ತಾಳೆ."

"ತಗ್ಗಲ್ಲಿ ನಿಲ್ಲಿಸ್ಬೇಡ."

"ಇಲ್ಲ."

"ಆಣೆ ಮಾಡು."

ಆಣೆ ಮಾಡಿದ. ಹೋದ.

ಈಗ ಮೂರನೆಯ ವರ್ಷ. ಹೊಸ ಊರಿಗೆ ಹೋದಾಗಲೆಲ್ಲ, ಟ್ರೇಲರು ನಿಲ್ಲಿಸಿದ ಮೇಲೆ ನನಗೆ ಫೋನ್ ಮಾಡುತ್ತಾನೆ. ಕ್ಯಾನ್ಸಸ್, ನೆಬ್ರಾಸ್ಕಾ, ಒಂದು ಸಲ ಮೊಂಟಾನಾದ ಯಾವುದೋ ಗಣಿ ಊರು. ಹವಾ ಹೇಗಿದೆ, ಮಂಡಿ ಹೇಗಿದೆ, ಡೇರಿಲ್ ಇನ್ನೂ ಹಾಗೇ ಇದ್ದಾನಾ ಎಂದು ಕೇಳುತ್ತಾನೆ. ಆಮೇಲೆ ಅಸಲು ಸುದ್ದಿಗೆ ಬರುತ್ತಾನೆ. ನಾನು ಫೋನನ್ನು ಕಿವಿಗೆ ಒತ್ತಿ ಹಿಡಿಯುತ್ತೇನೆ.

"ಇಲ್ಲೂ ಇಲ್ಲ ಗ್ವೆನ್," ಎನ್ನುತ್ತಾನೆ.

"ಹೋಗ್ಲಿ ಬಿಡು," ಎನ್ನುತ್ತೇನೆ. "ಮುಂದಿನ ಊರಲ್ಲಿ ನೋಡು."

ಫೋನ್ ಇಟ್ಟ ಮೇಲೆ ಕುರ್ಚಿಯಲ್ಲಿ ಕೂತು ದೇವರಿಗೆ ಕೈಮುಗಿಯುತ್ತೇನೆ, ಅವನು ಅವಳನ್ನು ಎಲ್ಲೂ ಕಾಣದೇ ಇರಲಿ ಎಂದು. ಅವಳನ್ನು ಹುಡುಕುವುದಕ್ಕೆಂದೇ ಅವನು ಬದುಕಿದ್ದಾನೆ ಎಂಬುದು ನನಗೆ ಚೆನ್ನಾಗಿ ಗೊತ್ತು.